ಬೈಬಲ್ ಕಥೆಯೊಂದನ್ನು ಇತಿಹಾಸದ ಒರೆಗೆ ಹಚ್ಚುವುದು ಹೇಗೆ

ಒಂದು ಸತ್ಯವೇದ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಅರಸುಗಳು ಎರಡನೆಯ ಭಾಗದ 18ನೇ ಅಧ್ಯಾಯ ತೆರೆಯಿರಿ. ಅಶ್ಶೂರದ (ಅಸ್ಸೀರಿಯಾದ) ಅರಸ ಸನ್ಹೇರೀಬ ಯೆಹೂದ ನಾಡಿನ ಮೇಲೆ ದಂಡೆತ್ತಿ ಬಂದ ಕಥೆ ಅಲ್ಲಿ ಶುರುವಾಗಿ 19ನೇ ಅಧ್ಯಾಯದ ಕೊನೆಗೆ ಮುಗಿಯುತ್ತದೆ. ಓದಲು ಹದಿನೈದು ನಿಮಿಷ ಸಾಕು. ಪರೀಕ್ಷಿಸಲು ಒಂದೆರಡು ಸಂಜೆ ಬೇಕು.

ಈ ಕಥೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮುತ್ತಿಗೆಗೆ ಸಿಕ್ಕವರೂ ಇದನ್ನು ಬರೆದಿಟ್ಟಿದ್ದಾರೆ, ಮುತ್ತಿಗೆ ಹಾಕಿದವರೂ ಬರೆದಿಟ್ಟಿದ್ದಾರೆ, ನೆಲ ಅಗೆದಾಗಲೂ ಸಾಕ್ಷ್ಯ ಸಿಕ್ಕಿದೆ. ಮೂರೂ ಒಟ್ಟಿಗೆ ಒದಗುವ ಪ್ರಸಂಗ ಹಳೆಯ ಒಡಂಬಡಿಕೆಯಲ್ಲಿ ಬಹಳ ಕಡಿಮೆ. ಇಲ್ಲಿ ಕೈ ಪಳಗಿದ ಮೇಲೆ ನೋಹನ ಜಲಪ್ರಳಯಕ್ಕೋ ಇಸ್ರಾಯೇಲ್ಯರು ಐಗುಪ್ತದಿಂದ (ಈಜಿಪ್ಟಿನಿಂದ) ಹೊರಟ ಕಥೆಗೋ ಧೈರ್ಯವಾಗಿ ಹೋಗಬಹುದು.

"ಬೈಬಲ್ ನಿಜವೋ ಸುಳ್ಳೋ?" ಎಂಬ ಪ್ರಶ್ನೆಯನ್ನು ಮಾತ್ರ ಬದಿಗಿಡಿ. ಬೈಬಲ್ ಒಂದು ಪುಸ್ತಕವಲ್ಲ, ಪುಸ್ತಕಗಳ ಕಪಾಟು. ಪ್ರೊಟೆಸ್ಟೆಂಟರ ಪ್ರತಿಯಲ್ಲಿ 66, ಕಥೋಲಿಕರ ಪ್ರತಿಯಲ್ಲಿ 73 ಪುಸ್ತಕಗಳಿವೆ. ಅರಸರ ವೃತ್ತಾಂತ, ಕಾನೂನು, ಪ್ರೇಮಗೀತೆ, ಗಾದೆಮಾತು, ಊರಿಂದೂರಿಗೆ ಬರೆದ ಪತ್ರ ಎಲ್ಲವೂ ಅದರಲ್ಲಿವೆ. ಇಷ್ಟಕ್ಕೂ ಸೇರಿಸಿ ಒಂದೇ ಮೊಹರು ಒತ್ತಲು ಬರುವುದಿಲ್ಲ. ನಾವು ಕೇಳಬೇಕಾದದ್ದು ಚಿಕ್ಕ ಪ್ರಶ್ನೆ: ಈ ಕಥೆಯ ಈ ಒಂದು ಮಾತಿಗೆ ಏನು ಆಧಾರ? ವಿಶ್ವಾಸಿಗಳೂ ಇದನ್ನು ಕೇಳಬಹುದು, ಅಲ್ಲದವರೂ ಕೇಳಬಹುದು. ನಿಯಮ ಇಬ್ಬರಿಗೂ ಒಂದೇ. ನಮಗೆ ಹಿತವಾದ ಸಾಕ್ಷ್ಯಕ್ಕೆ ಒಂದು ತಕ್ಕಡಿ, ಹಿತವಲ್ಲದ್ದಕ್ಕೆ ಇನ್ನೊಂದು ತಕ್ಕಡಿ ಇಟ್ಟುಕೊಳ್ಳಬಾರದು.

ಮೊದಲ ಹೆಜ್ಜೆ: ಕಥೆಯನ್ನು ಬಿಡಿಸಿಡಿ

ನೋಟ್‌ಬುಕ್ಕಿನ ಎಡಪುಟದಲ್ಲಿ ಕಥೆಯ ಒಂದೊಂದು ಸಂಗತಿಯನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಬಲಪುಟ ಖಾಲಿ ಇರಲಿ. ನನ್ನ ಪಟ್ಟಿ ಹೀಗಿದೆ:

ಯೆಹೂದದ ಅರಸ ಹಿಜ್ಕೀಯನ ಆಳ್ವಿಕೆಯ 14ನೇ ವರ್ಷದಲ್ಲಿ ಸನ್ಹೇರೀಬ ಬಂದ.
ಯೆಹೂದದ ಕೋಟೆ ಪಟ್ಟಣಗಳನ್ನು ಹಿಡಿದ.
ಯೆಹೂದದ ಕೋಟೆ ಪಟ್ಟಣ ಲಾಕೀಷಿನಲ್ಲಿ ಬೀಡುಬಿಟ್ಟ.
ಹಿಜ್ಕೀಯ ತಪ್ಪೊಪ್ಪಿಕೊಂಡು 300 ತಲಾಂತು (ತೂಕದ ಒಂದು ಹಳೆಯ ಅಳತೆ) ಬೆಳ್ಳಿ, 30 ತಲಾಂತು ಬಂಗಾರ ಕಪ್ಪ ಕೊಟ್ಟ.
ಆದರೂ ಅಶ್ಶೂರದ ಸೈನ್ಯ ಯೆರೂಸಲೇಮಿಗೆ ಬಂದು ಬೆದರಿಸಿತು.
ಕೂಷಿನ ಅರಸ ತಿರ್ಹಾಕ ಯುದ್ಧಕ್ಕೆ ಹೊರಟ ಸುದ್ದಿ ಬಂತು.
ಒಂದೇ ರಾತ್ರಿಯಲ್ಲಿ ಯೆಹೋವನ ದೂತ 1,85,000 ಸೈನಿಕರನ್ನು ಕೊಂದ.
ಯೆರೂಸಲೇಮ್ ಉಳಿಯಿತು.
ಸನ್ಹೇರೀಬ ತನ್ನ ರಾಜಧಾನಿ ನಿನೆವೆಗೆ ಮರಳಿದ. ಅಲ್ಲಿ ಮಕ್ಕಳೇ ಅವನನ್ನು ಕೊಂದರು.

ಈ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಲಾಕೀಷ್ ನಿಜವೆಂದ ಮಾತ್ರಕ್ಕೆ ದೂತನ ಪ್ರಸಂಗ ನಿಜವಾಗುವುದಿಲ್ಲ. ದೂತನ ಪ್ರಸಂಗಕ್ಕೆ ಆಧಾರವಿಲ್ಲವೆಂದ ಮಾತ್ರಕ್ಕೆ ಲಾಕೀಷ್ ಸುಳ್ಳಾಗುವುದಿಲ್ಲ. ಈ ವಿಷಯದ ಜಗಳಗಳಲ್ಲಿ ಹೆಚ್ಚಿನವು ಈ ಒಂದು ಮಾತನ್ನು ಮರೆತದ್ದರಿಂದಲೇ ಹುಟ್ಟಿದವು ಎಂಬುದು ನನ್ನ ಅನುಭವ.

ಎರಡನೆಯ ಹೆಜ್ಜೆ: ಅದೇ ಕಥೆ ಬೈಬಲ್‌ನಲ್ಲಿ ಇನ್ನೆಲ್ಲಿದೆ ಹುಡುಕಿ

ಹೊರಗಿನ ಸಾಕ್ಷ್ಯಕ್ಕೆ ಹೋಗುವ ಮೊದಲು ಮನೆಯೊಳಗಿನ ಸಾಕ್ಷ್ಯ ನೋಡಬೇಕು. ಪ್ರವಾದಿ ಯೆಶಾಯನ ಪುಸ್ತಕದ 36 ಮತ್ತು 37ನೇ ಅಧ್ಯಾಯಗಳಲ್ಲಿ ಇದೇ ಕಥೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿದೆ. ಎರಡನೆಯ ಪೂರ್ವಕಾಲವೃತ್ತಾಂತದ 32ನೇ ಅಧ್ಯಾಯದಲ್ಲಿ ಚುಟುಕಾಗಿ ಇದೆ. ಮೂರನ್ನೂ ಪಕ್ಕಪಕ್ಕ ಇಟ್ಟು ವಚನ ವಚನವಾಗಿ ಬೆರಳಿಟ್ಟು ಓದಿ.

ಯೆಶಾಯ 36ರ ಮೊದಲ ವಚನ ಅರಸುಗಳು ಎರಡನೆಯ ಭಾಗದ 18:13ಕ್ಕೆ ಹೊಂದುತ್ತದೆ. ಎರಡನೆಯ ವಚನ ನೇರವಾಗಿ 18:17ಕ್ಕೆ ಹಾರುತ್ತದೆ. ನಡುವಿನ 14, 15, 16ನೇ ವಚನಗಳು ಯೆಶಾಯನಲ್ಲಿ ಇಲ್ಲ. ಆ ಮೂರು ವಚನಗಳಲ್ಲಿ ಏನಿದೆ? ಹಿಜ್ಕೀಯ ತಪ್ಪೊಪ್ಪಿಕೊಂಡು ದೇವಾಲಯದ ಬಾಗಿಲಿನ ಬಂಗಾರವನ್ನು ಕಿತ್ತು ಶತ್ರುವಿಗೆ ಕೊಟ್ಟ ಸಂಗತಿ. ಪೂರ್ವಕಾಲವೃತ್ತಾಂತವೂ ಅದನ್ನು ಹೇಳುವುದಿಲ್ಲ. 1,85,000 ಎಂಬ ಸಂಖ್ಯೆಯೂ ಅದರಲ್ಲಿಲ್ಲ, ಪರಾಕ್ರಮಿಗಳೂ ನಾಯಕರೂ ಸತ್ತರೆಂದಷ್ಟೇ ಇದೆ. ತನ್ನ ಅರಸನಿಗೆ ಅವಮಾನ ತರುವ ಸಂಗತಿಯನ್ನು ಒಬ್ಬ ಬರಹಗಾರ ಉಳಿಸಿಕೊಂಡಿದ್ದಾನೆ, ಉಳಿದಿಬ್ಬರ ಪುಸ್ತಕಗಳಲ್ಲಿ ಅದು ಕಾಣುವುದಿಲ್ಲ. ಹೀಗೆ ಮುಜುಗರ ತರುವ ಸಂಗತಿಯನ್ನು ಯಾರೂ ಸುಮ್ಮನೆ ಕಟ್ಟಿ ಬರೆಯುವುದಿಲ್ಲ. ಆ ಮೂರು ವಚನಗಳ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಹೆಜ್ಜೆಯ ಬಲ ಎಷ್ಟೆಂದು ತಿಳಿಯಬೇಕಾದರೆ ದೈತ್ಯ ಗೊಲ್ಯಾತನ ಕಥೆ ನೋಡಿ. ಸಮುವೇಲನ ಮೊದಲ ಭಾಗದ 17ನೇ ಅಧ್ಯಾಯದಲ್ಲಿ ಗೊಲ್ಯಾತನನ್ನು ಕೊಂದವನು ಮುಂದೆ ಅರಸನಾದ ದಾವೀದ. ಎರಡನೆಯ ಭಾಗದ 21:19ರ ಹೀಬ್ರೂ ಮೂಲದಲ್ಲಿ ಗತ್ ಊರಿನ ಗೊಲ್ಯಾತನನ್ನು ಕೊಂದವನು ಬೇತ್ಲೆಹೇಮಿನ ಎಲ್ಹಾನಾನ್. ಮೊದಲನೆಯ ಪೂರ್ವಕಾಲವೃತ್ತಾಂತ 20:5ಕ್ಕೆ ಬರುವಷ್ಟರಲ್ಲಿ ಎಲ್ಹಾನಾನ್ ಕೊಂದದ್ದು ಗೊಲ್ಯಾತನ ಸಹೋದರನನ್ನು. ಕಥೆಯನ್ನು ಸರಿಹೊಂದಿಸಿದ ಕೈ ಇಲ್ಲಿ ಎದ್ದು ಕಾಣುತ್ತದೆ. ಗೊಲ್ಯಾತನ ಎತ್ತರ ಕೂಡ ಪ್ರತಿಯಿಂದ ಪ್ರತಿಗೆ ಬೇರೆ. ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ಆರು ಮೊಳ ಒಂದು ಗೇಣು. ಅದರ ಉಳಿದಿರುವ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದಾದ, ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಸುರುಳಿಯಲ್ಲಿ ನಾಲ್ಕು ಮೊಳ ಒಂದು ಗೇಣು. ಕಾಲ ಸರಿದಂತೆ ರಾಕ್ಷಸ ಬೆಳೆದಿದ್ದಾನೆ.

ಒಂದೇ ಅನುವಾದವನ್ನು ನೆಚ್ಚಬೇಡಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ 19ನೇ ಶತಮಾನದಲ್ಲಿ ಕೈಹಾಕಿದ ಕೆಲಸದಿಂದ ಇಂದಿನವರೆಗೆ ಹಲವು ಕನ್ನಡ ಅನುವಾದಗಳು ಬಂದಿವೆ. ಕಷ್ಟದ ವಚನಗಳನ್ನು ಕನಿಷ್ಠ ಎರಡು ಅನುವಾದಗಳಲ್ಲಿ ಓದಿ. ಎರಡೂ ಒಪ್ಪದ ಕಡೆ ಮೂಲದಲ್ಲೇ ಏನೋ ತೊಡಕಿದೆ ಎಂದು ಲೆಕ್ಕ.

ಮೂರನೆಯ ಹೆಜ್ಜೆ: ವರ್ಷಗಳನ್ನು ಕೂಡಿ ಕಳೆಯಿರಿ

ಸನ್ಹೇರೀಬನ ದಂಡಯಾತ್ರೆ ನಡೆದದ್ದು ಕ್ರಿ.ಪೂ. 701ರಲ್ಲಿ. ಇದು ಅಶ್ಶೂರದವರ ಸ್ವಂತ ದಾಖಲೆಗಳಿಂದ ಗಟ್ಟಿಯಾಗಿ ಗೊತ್ತಿರುವ ವರ್ಷ. ಈಗ 18ನೇ ಅಧ್ಯಾಯದ 10ನೇ ವಚನ ನೋಡಿ: ಹಿಜ್ಕೀಯನ ಆರನೆಯ ವರ್ಷದಲ್ಲಿ ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯ ಬಿತ್ತು. ಸಮಾರ್ಯ ಬಿದ್ದದ್ದು ಕ್ರಿ.ಪೂ. 722ರ ಸುಮಾರಿಗೆ. ಆರನೆಯ ವರ್ಷ 722 ಆದರೆ 14ನೇ ವರ್ಷ 714 ಆಗಬೇಕು. 701 ಆಗುವುದಿಲ್ಲ. ಮೂರೇ ವಚನಗಳ ಅಂತರದಲ್ಲಿ 13 ವರ್ಷ ತಾಳೆಯಾಗುತ್ತಿಲ್ಲ. ವಿದ್ವಾಂಸರು ಇದಕ್ಕೆ ಹಲವು ಪರಿಹಾರ ಸೂಚಿಸಿದ್ದಾರೆ. ಎರಡು ಸಂಖ್ಯೆಗಳಲ್ಲಿ ಒಂದನ್ನಾದರೂ ಬಿಟ್ಟುಕೊಡದೆ ಯಾವ ಪರಿಹಾರವೂ ಸುಲಭವಾಗಿ ಕೂರುವುದಿಲ್ಲ.

ತಿರ್ಹಾಕನ ವಿಷಯವೂ ಹೀಗೆಯೇ. ಅವನು ಐತಿಹಾಸಿಕ ವ್ಯಕ್ತಿ. ಐಗುಪ್ತವನ್ನು ಆಳಿದ ನೂಬಿಯಾ (ಕೂಷ್) ವಂಶದ ತಹರ್ಕ. ಆದರೆ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 690ರಲ್ಲಿ. 701ರಲ್ಲಿ ಅವನನ್ನು 'ಕೂಷಿನ ಅರಸ' ಎಂದು ಕರೆದವನು, ಅವನು ಅರಸನಾದ ಮೇಲೆ ಹಿಂದಿರುಗಿ ನೋಡಿ ಬರೆದಿರಬೇಕು. ಇದು ಸುಳ್ಳಿನ ಗುರುತಲ್ಲ, ಬರೆದ ಕಾಲದ ಗುರುತು. ಎರಡರ ವ್ಯತ್ಯಾಸ ತಿಳಿದಿರಲಿ.

ಸನ್ಹೇರೀಬನ ಸಾವು ಇನ್ನೂ ಸ್ವಾರಸ್ಯಕರ. ಬೈಬಲ್ ಓದಿದರೆ ಅವನು ಊರಿಗೆ ಮರಳಿದ ಕೂಡಲೇ ಕೊಲೆಯಾದನೆಂದು ತೋರುತ್ತದೆ. ಮಗನ ಕೈಯಲ್ಲಿ ಸತ್ತದ್ದು ನಿಜ. ಬಾಬಿಲೋನಿನ ವೃತ್ತಾಂತವೂ ಹಾಗೆಯೇ ಹೇಳುತ್ತದೆ. ಆದರೆ ಅದು ನಡೆದದ್ದು ಕ್ರಿ.ಪೂ. 681ರಲ್ಲಿ, ಅಂದರೆ ದಂಡಯಾತ್ರೆಯಾಗಿ ಇಪ್ಪತ್ತು ವರ್ಷಗಳ ನಂತರ. ಬರಹಗಾರ ಇಪ್ಪತ್ತು ವರ್ಷವನ್ನು ಎರಡು ವಚನಕ್ಕೆ ಮಡಚಿ, ದೇವರನ್ನು ಹೀಯಾಳಿಸಿದವನಿಗೆ ತಕ್ಕ ಶಿಕ್ಷೆಯಾಯಿತೆಂಬಂತೆ ಕಥೆಯನ್ನು ಜೋಡಿಸಿದ್ದಾನೆ. ಘಟನೆ ನಿಜ, ಜೋಡಣೆ ಅವನದು.

ಇದೇ ಲೆಕ್ಕವನ್ನು ಹೊಸ ಒಡಂಬಡಿಕೆಯಲ್ಲೂ ಮಾಡಬಹುದು. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಹೆರೋದ ಅರಸನ ಕಾಲದಲ್ಲಿ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನ ಇತಿಹಾಸಕಾರರ ಲೆಕ್ಕ. ಯೇಸು ಹುಟ್ಟಿದ ಸಮಯದಲ್ಲಿ ಆಯಿತೆಂದು ಲೂಕನು ಹೇಳುವ, ರೋಮಿನ ಅಧಿಪತಿ ಕುರೇನ್ಯನ ಖಾನೇಷುಮಾರಿ (ಜನಗಣತಿ) ನಡೆದದ್ದು ಕ್ರಿ.ಶ. 6ರಲ್ಲಿ, ಯೆಹೂದಿ ಇತಿಹಾಸಕಾರ ಜೋಸೆಫಸ್ ಅದನ್ನು ವಿವರವಾಗಿ ಬರೆದಿದ್ದಾನೆ. ನಡುವೆ ಸುಮಾರು ಹತ್ತು ವರ್ಷದ ಕಂದಕ. ಹಾಗೆಂದು ಯೇಸು ಎಂಬ ವ್ಯಕ್ತಿಯೇ ಇರಲಿಲ್ಲವೆಂದು ಹಾರಬಾರದು. ಪಿಲಾತನು ಯೂದಾಯದ ಅಧಿಪತಿಯಾಗಿದ್ದನೆಂದು ಹೇಳುವ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿದೆ. ಅವನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ಕ್ರೈಸ್ತರನ್ನು ಕಂಡರಾಗದ ರೋಮಿನ ಟ್ಯಾಸಿಟಸ್ ಬರೆದಿದ್ದಾನೆ. ಹುಟ್ಟಿನ ಕಥೆಯ ಸಾಲು ಬೇರೆ, ಸಾವಿನ ಕಥೆಯ ಸಾಲು ಬೇರೆ.

ನಾಲ್ಕನೆಯ ಹೆಜ್ಜೆ: ಎದುರು ಪಕ್ಷದ ಬಾಯಲ್ಲಿ ಕೇಳಿ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆರು ಮುಖಗಳ, ಸುಮಾರು 38 ಸೆಂಟಿಮೀಟರ್ ಎತ್ತರದ ಒಂದು ಸುಟ್ಟ ಮಣ್ಣಿನ ಕಂಬವಿದೆ. ಮೊಣಕೈಯಿಂದ ಅಂಗೈವರೆಗಿನಷ್ಟು ಉದ್ದ ಎಂದುಕೊಳ್ಳಿ. ಆರೂ ಮುಖಗಳ ತುಂಬ ಬೆಣೆಲಿಪಿಯ ಸಾಲುಗಳು ಇರುವೆ ಸಾಲಿನಂತೆ ಒತ್ತಾಗಿವೆ. 1830ರಲ್ಲಿ ನಿನೆವೆಯ ಹಾಳಿನಲ್ಲಿ ಸಿಕ್ಕ ಇದನ್ನು ಟೇಲರ್ ಪ್ರಿಸಂ ಎನ್ನುತ್ತಾರೆ. ಮ್ಯೂಸಿಯಂನ ಜಾಲತಾಣದಲ್ಲಿ ಚಿತ್ರವಿದೆ. ಮೊಬೈಲ್‌ನಲ್ಲಿ ದೊಡ್ಡದು ಮಾಡಿ ನೋಡಿ. ಇದರಲ್ಲಿ ಮಾತಾಡುವವನು ಸ್ವತಃ ಸನ್ಹೇರೀಬ.

ಯೆಹೂದದ ಹಿಜ್ಕೀಯ ತನಗೆ ತಲೆಬಾಗಲಿಲ್ಲ, ಆದ್ದರಿಂದ ಅವನ 46 ಕೋಟೆ ಪಟ್ಟಣಗಳನ್ನು ಹಿಡಿದೆ, 2,00,150 ಜನರನ್ನು ಹೊರಗೆಳೆದು ತಂದೆ, ಅವನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎನ್ನುತ್ತಾನೆ. ಕೊನೆಗೆ ಹಿಜ್ಕೀಯ ನಿನೆವೆಗೆ ಕಪ್ಪ ಕಳಿಸಿದನೆಂದು ಪಟ್ಟಿ ಕೊಡುತ್ತಾನೆ: 30 ತಲಾಂತು ಬಂಗಾರ, 800 ತಲಾಂತು ಬೆಳ್ಳಿ, ಜೊತೆಗೆ ಇನ್ನೂ ಏನೇನೋ.

ನೀವು ನಕ್ಷತ್ರ ಹಾಕಿದ ವಚನಗಳಿಗೆ ಈಗ ಮರಳಿ. ಬೈಬಲ್‌ನಲ್ಲೂ ಬಂಗಾರ 30 ತಲಾಂತು. ಬೆಳ್ಳಿ ಮಾತ್ರ 300. ಶತ್ರುಗಳಿಬ್ಬರು, ಭಾಷೆ ಬೇರೆ, ಉದ್ದೇಶ ಬೇರೆ, ಆದರೂ ಬಂಗಾರದ ತೂಕ ಒಂದೇ. ಯೆಶಾಯನಲ್ಲಿ ಕಾಣದ ಆ ಮೂರು ವಚನಗಳೇ ಈ ಕಥೆಯ ಅತ್ಯಂತ ಗಟ್ಟಿ ಭಾಗ ಎಂಬುದು ಇಲ್ಲಿ ಹೊರಬೀಳುತ್ತದೆ. ಈ ತಾಳೆಯನ್ನು ಮೊದಲ ಬಾರಿ ಕಂಡಾಗ ನನಗೆ ಮೈ ಝುಮ್ಮೆಂದಿತ್ತು, ಈಗಲೂ ಆಗುತ್ತದೆ.

ಆದರೆ ಎದುರು ಪಕ್ಷದವನು ಹೇಳಿದನೆಂದು ಅವನ ಮಾತೆಲ್ಲವನ್ನೂ ನುಂಗಬಾರದು. ಇದು ರಾಜಪ್ರಶಸ್ತಿ, ಅಂದರೆ ಅರಸನನ್ನು ಹೊಗಳುವ ಬರಹ. ಪ್ರಶಸ್ತಿಯ ಧಾಟಿ ನಮಗೆ ಹೊಸದಲ್ಲ. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಕೆತ್ತಿಸಿದ ಶಾಸನ, ಇಮ್ಮಡಿ ಪುಲಿಕೇಶಿಯೆದುರು ಹರ್ಷನ ಹರ್ಷವೇ ಅಳಿಯಿತೆನ್ನುತ್ತದೆ. ಅದರ ತಿರುಳನ್ನು ನಾವು ಒಪ್ಪುವುದು ಶ್ಲೋಕ ಚೆನ್ನಾಗಿದೆ ಎಂದಲ್ಲ. ಪುಲಿಕೇಶಿಯನ್ನು ಮಣಿಸಲು ಹರ್ಷನಿಗಾಗಲಿಲ್ಲವೆಂದು ಹರ್ಷನ ಅತಿಥಿಯಾಗಿದ್ದ ಹ್ಯೂಯೆನ್ ತ್ಸಾಂಗನೂ ಬರೆದಿದ್ದರಿಂದ. ಅಶ್ಶೂರದ ಕಂಬವನ್ನೂ ಹೀಗೆಯೇ ಓದಬೇಕು. ಎರಡು ಲಕ್ಷ ಜನರೆಂಬ ಸಂಖ್ಯೆಯನ್ನು ಅನುಮಾನದಿಂದ ನೋಡಿ. ಅವನು ಹೇಳದೆ ಬಿಟ್ಟದ್ದನ್ನು ಇನ್ನೂ ಗಮನವಿಟ್ಟು ನೋಡಿ: ಯೆರೂಸಲೇಮನ್ನು ಹಿಡಿದೆ ಎಂದು ಅವನು ಎಲ್ಲೂ ಹೇಳುವುದಿಲ್ಲ. ಹಿಡಿದಿದ್ದರೆ ಬರೆಯದೆ ಬಿಡುವ ಅರಸನಲ್ಲ. ಆದ್ದರಿಂದ 'ಯೆರೂಸಲೇಮ್ ಉಳಿಯಿತು' ಎಂಬ ಸಾಲಿನ ಎದುರಿಗೂ 'ಗಟ್ಟಿ' ಎಂದು ಬರೆಯಬಹುದು.

ಐದನೆಯ ಹೆಜ್ಜೆ: ನೆಲವನ್ನು ಕೇಳಿ

ಆ ಕಂಬದಲ್ಲಿ ಲಾಕೀಷಿನ ಹೆಸರಿಲ್ಲ. ಆದರೆ ನಿನೆವೆಯ ಅರಮನೆಯ ಒಂದು ಕೋಣೆಯ ಗೋಡೆಗಳ ಮೇಲೆ ಲಾಕೀಷಿನ ಪತನವನ್ನೇ ಸನ್ಹೇರೀಬ ಕೆತ್ತಿಸಿದ್ದ. 19ನೇ ಶತಮಾನದ ನಡುಭಾಗದಲ್ಲಿ ಆಸ್ಟಿನ್ ಹೆನ್ರಿ ಲೇಯರ್ಡ್ ಅದನ್ನು ಹೊರತೆಗೆದ. ಇವತ್ತು ಅದೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕೋಟೆಗೆ ಹಚ್ಚಿ ಕಟ್ಟಿದ ಇಳಿಜಾರು ದಿಬ್ಬ, ಅದರ ಮೇಲೆ ಏರುತ್ತಿರುವ ಗೋಡೆ ಕೆಡಹುವ ಯಂತ್ರಗಳು, ಮೇಲಿನಿಂದ ಬೀಳುವ ಪಂಜುಗಳು, ಗಂಟುಮೂಟೆ ಹೊತ್ತು ಹೊರಟ ಹೆಂಗಸರು ಮಕ್ಕಳು, ಸಿಂಹಾಸನದಲ್ಲಿ ಕುಳಿತ ಅರಸ, ಅವನ ಮುಖದೆದುರಿಗೆ ಊರಿನ ಹೆಸರು: ಲಾಕೀಷ್.

ಇಸ್ರೇಲಿನ ಲಾಕೀಷ್ ದಿಬ್ಬವನ್ನು 1930ರ ದಶಕದಲ್ಲಿ ಮೊದಲು, 1970ರ ದಶಕದಿಂದ ಡೇವಿಡ್ ಉಸ್ಸಿಷ್ಕಿನ್ ಮುಂದಾಳತ್ವದಲ್ಲಿ ಮತ್ತೆ ಅಗೆದಾಗ ಆ ಇಳಿಜಾರು ದಿಬ್ಬ ನೈಋತ್ಯ ಮೂಲೆಯಲ್ಲಿ ನಿಜವಾಗಿಯೂ ಸಿಕ್ಕಿತು. ನೂರಾರು ಬಾಣದ ಮೊನೆಗಳು, ಕವಣೆಕಲ್ಲುಗಳು, ಸುಟ್ಟ ಮನೆಗಳ ಪದರವೂ ಸಿಕ್ಕಿದವು. ಬರಹ, ಕೆತ್ತನೆ, ಮಣ್ಣು ಮೂರೂ ಒಂದೇ ಮಾತು ಹೇಳುವಾಗ ಅನುಮಾನಕ್ಕೆ ಎಡೆಯಿಲ್ಲ.

ನೆಲ ಯಾವಾಗಲೂ ಹೌದೆನ್ನುವುದಿಲ್ಲ. ಯೆಹೋಶುವನ ಮುಂದಾಳತ್ವದಲ್ಲಿ ಇಸ್ರಾಯೇಲ್ಯರು ಬಂದಾಗ ಯೆರಿಕೋ ಪಟ್ಟಣದ ಗೋಡೆ ಕುಸಿದ ಬೈಬಲ್ ಕಥೆ ಪ್ರಸಿದ್ಧ. 1930ರ ದಶಕದಲ್ಲಿ ಜಾನ್ ಗಾರ್ಸ್ಟಾಂಗ್ ಅಲ್ಲಿ ಬಿದ್ದ ಗೋಡೆ ಕಂಡು, ಇದೇ ಯೆಹೋಶುವನ ಕಾಲದ್ದು ಎಂದು ಸಾರಿದ. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಪದರ ಪದರವಾಗಿ ಅಗೆದು ನೋಡಿದರು. ಆ ಪಟ್ಟಣ ಹಾಳಾದದ್ದು ಕ್ರಿ.ಪೂ. 1550ರ ಸುಮಾರಿಗೆ ಎಂದು ತೋರಿಸಿದರು. ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಹೇಳುವ 13ನೇ ಶತಮಾನದಲ್ಲಿ ಅಲ್ಲಿ ಕೆಡಹಲು ಕೋಟೆ ಗೋಡೆಯೇ ಇರಲಿಲ್ಲ. ಕಥೆಯಲ್ಲಿ ಯೆರಿಕೋವಿನ ನಂತರ ಬೀಳುವ ಊರು ಆಯಿ ಎಂದು ಗುರುತಿಸಿರುವ ದಿಬ್ಬವಂತೂ ಆಗ ಸಾವಿರ ವರ್ಷಕ್ಕೂ ಮಿಕ್ಕಿ ಪಾಳು ಬಿದ್ದಿತ್ತು. ಆಯಿ ಬೇರೆಡೆ ಇತ್ತೆಂದು ವಾದಿಸುವವರಿದ್ದಾರೆ. ಆದರೆ ಆ ಹೆಸರಿನ ಅರ್ಥವೇ 'ಹಾಳು'. ಕಣ್ಣೆದುರಿನ ಹಾಳೂರಿಗೆ ಕಥೆ ಹುಟ್ಟಿಕೊಂಡಿತೆಂಬ ವಾದ ನನಗೆ ಹೆಚ್ಚು ಸರಿಯೆನಿಸುತ್ತದೆ.

ಹಾಗಾದರೆ ನೆಲದ ಮೌನಕ್ಕೆ ಎಷ್ಟು ಬೆಲೆ ಕೊಡಬೇಕು? ಒಂದು ಪ್ರಶ್ನೆ ಕೇಳಿಕೊಳ್ಳಿ: ಘಟನೆ ನಡೆದಿದ್ದರೆ ಗುರುತು ಉಳಿಯಲೇಬೇಕಿತ್ತೇ? ಕೋಟೆ ಬಿದ್ದರೆ ಉಳಿಯಲೇಬೇಕು, ಆದ್ದರಿಂದ ಯೆರಿಕೋವಿನ ಮೌನ ದೊಡ್ಡ ಸಾಕ್ಷ್ಯ. ವಿಮೋಚನಕಾಂಡ ಹೇಳುವಂತೆ ಆರು ಲಕ್ಷ ಗಂಡಸರು, ಜೊತೆಗೆ ಹೆಂಗಸರು ಮಕ್ಕಳು ನಲವತ್ತು ವರ್ಷ ಅಲೆದಿದ್ದರೆ ಸಿನಾಯಿಯಲ್ಲಿ ಒಲೆ, ಮಡಕೆಚೂರು, ಗೋರಿಗಳು ಸಿಗಲೇಬೇಕಿತ್ತು, ಸಿಕ್ಕಿಲ್ಲ. ಕೆಲವು ನೂರು ಜನ ಓಡಿಬಂದಿದ್ದರೆ ಏನೂ ಉಳಿಯದಿರಬಹುದು. ದೊಡ್ಡ ಸಂಖ್ಯೆ ಬೀಳುತ್ತದೆ, ಸಣ್ಣ ಘಟನೆಯ ಸಾಧ್ಯತೆ ತೆರೆದೇ ಇರುತ್ತದೆ. ದಾವೀದನ ವಿಷಯದಲ್ಲಿ ಮೌನವನ್ನೇ ನಂಬಿ ಅವನು ಕಟ್ಟುಕಥೆಯೆಂದವರು ಇದ್ದರು. 1993ರಲ್ಲಿ ತೇಲ್ ದಾನ್‌ನಲ್ಲಿ, ಗೋಡೆ ಕಟ್ಟಲು ಬಳಸಿದ್ದ ಒಡೆದ ಕರಿಕಲ್ಲಿನ ಮೇಲೆ 'ದಾವೀದನ ಮನೆತನ' ಎಂಬ ಅರಮೇಯ ಮಾತು ಸಿಕ್ಕಿತು, ಕ್ರಿ.ಪೂ. 9ನೇ ಶತಮಾನದ್ದು. ಅದು ಶತ್ರು ಅರಸನ ಶಾಸನ. ಗೊಲ್ಯಾತನ ಕಥೆಗೆ ಅದು ಸಾಕ್ಷಿಯಾಗುವುದಿಲ್ಲ. ದಾವೀದನ ಹೆಸರಿನ ರಾಜವಂಶಕ್ಕೆ ಸಾಕ್ಷಿ, ಅಷ್ಟೇ.

ಆರನೆಯ ಹೆಜ್ಜೆ: ಪವಾಡದ ಸಾಲಿಗೆ ಬೇರೆ ಅಂಕಣ

1,85,000 ಸಾವಿನ ಸಾಲಿಗೆ ಅಶ್ಶೂರದ ಕಡೆಯಿಂದ ಒಂದು ಅಕ್ಷರದ ಬೆಂಬಲವೂ ಇಲ್ಲ. ಗ್ರೀಕ್ ಬರಹಗಾರ ಹೆರೊಡೋಟಸ್ ಎರಡೂವರೆ ಶತಮಾನಗಳ ನಂತರ ಒಂದು ಕಥೆ ಹೇಳುತ್ತಾನೆ: ಸನ್ಹೇರೀಬನ ಸೈನ್ಯ ಐಗುಪ್ತದ ಗಡಿಯಲ್ಲಿದ್ದಾಗ ಇಲಿಗಳು ರಾತ್ರೋರಾತ್ರಿ ಬಿಲ್ಲಿನ ಹೆದೆ, ಬತ್ತಳಿಕೆಗಳನ್ನು ಕಡಿದುಹಾಕಿದವಂತೆ. ಇದನ್ನು ಹಿಡಿದು, ಇಲಿಯೆಂದರೆ ಪ್ಲೇಗ್, ಪ್ಲೇಗಿನಿಂದ ಸೈನ್ಯ ಸತ್ತಿತು ಎಂದು ಬರೆಯುವವರಿದ್ದಾರೆ. ಊರು ಬೇರೆ, ಕಾಲ ದೂರ, ಹೆರೊಡೋಟಸನ ಕಥೆಯಲ್ಲಿ ಯಾರಿಗೂ ರೋಗ ಬರುವುದಿಲ್ಲ. ಪವಾಡಕ್ಕೆ ಹೀಗೆ ವೈಜ್ಞಾನಿಕ ಅಂಗಿ ತೊಡಿಸುವುದನ್ನು ನಾನು ಒಪ್ಪುವುದಿಲ್ಲ. ಅದು ನಂಬಿಕೆಗೂ ನ್ಯಾಯವಲ್ಲ, ಇತಿಹಾಸಕ್ಕೂ ನ್ಯಾಯವಲ್ಲ. ದೇವರ ದೂತ ಬಂದನೋ ಇಲ್ಲವೋ ಎಂದು ತೀರ್ಮಾನಿಸುವ ಸಾಧನ ಇತಿಹಾಸಕಾರರ ಕೈಯಲ್ಲಿಲ್ಲ. 'ಒಂದೇ ಪಕ್ಷದ ಹೇಳಿಕೆ, ಹೊರಗಿನ ಆಧಾರವಿಲ್ಲ, ಸಂಖ್ಯೆ ನಂಬಲಸಾಧ್ಯ' ಎಂದು ಬರೆದು ಮುಂದೆ ಹೋಗಿ.

ವಾಟ್ಸ್ಯಾಪ್‌ನಲ್ಲಿ ಬಂದದ್ದಕ್ಕೆ ಮೂರು ಪ್ರಶ್ನೆ

ಕೆಂಪು ಸಮುದ್ರದ ತಳದಲ್ಲಿ ಫರೋಹನ ರಥದ ಗಾಲಿ, ಟರ್ಕಿಯ ಬೆಟ್ಟದಲ್ಲಿ ನೋಹನ ನಾವೆ, ಇಂಥ ಚಿತ್ರಗಳು ವರ್ಷಕ್ಕೊಮ್ಮೆಯಾದರೂ ಬರುತ್ತವೆ. ಕೇಳಿ: ವಸ್ತು ಉತ್ಖನನದಲ್ಲಿ ಸಿಕ್ಕಿತೇ, ಮಾರುಕಟ್ಟೆಯಲ್ಲಿ ಸಿಕ್ಕಿತೇ? ಈಗ ಎಲ್ಲಿದೆ? ಅದನ್ನು ಪರೀಕ್ಷಿಸಿದ ಬೇರೆಯವರು ಏನೆನ್ನುತ್ತಾರೆ? ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂ ಕೊಂಡಿದ್ದ ಮೃತ ಸಮುದ್ರ ಸುರುಳಿಯ 16 ತುಣುಕುಗಳೂ ನಕಲಿ ಎಂದು 2020ರಲ್ಲಿ ಪರೀಕ್ಷೆಯಿಂದ ಹೊರಬಿತ್ತು; ಪರೀಕ್ಷೆ ಮಾಡಿಸಿದ್ದು ಆ ಮ್ಯೂಸಿಯಮ್ಮೇ. ಅವೆಲ್ಲ ಮಾರುಕಟ್ಟೆಯಿಂದ ಬಂದವು.

ಯೇಸುವಿನ ಕಥೆಯೆಲ್ಲ ಐಗುಪ್ತದ ಹೋರಸ್ ದೇವರಿಂದ ಕದ್ದದ್ದು, ಇಬ್ಬರೂ ಡಿಸೆಂಬರ್ 25ರಂದು ಹುಟ್ಟಿದರು ಎಂಬ ಸಂದೇಶಕ್ಕೂ ಇದೇ ಪರೀಕ್ಷೆ ಆಗಲಿ. ಬೈಬಲ್‌ನಲ್ಲಿ ಯೇಸು ಹುಟ್ಟಿದ ತಾರೀಖೇ ಇಲ್ಲ.

ಮುಂದಿನ ಅಭ್ಯಾಸ ನಿಮ್ಮದು

ಬಲಪುಟ ಈಗ ತುಂಬಿರಬೇಕು. ಪ್ರತಿ ಸಾಲಿನ ಎದುರಿಗೆ ಗಟ್ಟಿ, ಸಂಭವನೀಯ, ಆಧಾರ ಸಾಲದು, ಆಧಾರಕ್ಕೆ ವಿರುದ್ಧ ಎಂಬ ನಾಲ್ಕರಲ್ಲಿ ಒಂದನ್ನು, ಕಾರಣದೊಂದಿಗೆ, ಪೆನ್ಸಿಲ್ಲಿನಲ್ಲೇ ಬರೆಯಿರಿ. ನಾಳೆ ಇನ್ನೊಂದು ಕಲ್ಲು ಸಿಕ್ಕರೆ ಅಳಿಸಬೇಕಾಗುತ್ತದೆ.

ಇನ್ನು ಎರಡನೆಯ ಅರಸುಗಳು 20:20 ತೆಗೆಯಿರಿ. ಹಿಜ್ಕೀಯ ಕೊಳವನ್ನೂ ಕಾಲುವೆಯನ್ನೂ ಮಾಡಿಸಿ ಪಟ್ಟಣದೊಳಕ್ಕೆ ನೀರು ತಂದನೆಂದು ಒಂದೇ ವಚನದಲ್ಲಿದೆ. ಯೆರೂಸಲೇಮಿನ ಬಂಡೆಯಡಿಯಲ್ಲಿ ಗೀಹೋನ್ ಬುಗ್ಗೆಯಿಂದ ಸಿಲೋವ ಕೊಳದವರೆಗೆ 533 ಮೀಟರ್ ಉದ್ದದ ಸುರಂಗವಿದೆ. ಇಂದಿಗೂ ಮೊಣಕಾಲು ನೀರಿನಲ್ಲಿ ಅದರೊಳಗೆ ನಡೆಯಬಹುದು. ಅದರ ಗಾರೆಯನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನ ಕ್ರಿ.ಪೂ. 700ರ ಆಸುಪಾಸಿನ ಕಾಲ ಹೇಳಿತು. 1880ರಲ್ಲಿ ಸುರಂಗದ ಗೋಡೆಯ ಮೇಲೆ ಸಿಕ್ಕ ಹೀಬ್ರೂ ಬರಹ ಈಗ ಇಸ್ತಾಂಬುಲ್‌ನ ಪುರಾತತ್ವ ಮ್ಯೂಸಿಯಂನಲ್ಲಿದೆ. ಎರಡು ತುದಿಗಳಿಂದ ಕೊರೆಯುತ್ತ ಬಂದ ಕೆಲಸಗಾರರು, ನಡುವೆ ಇನ್ನು ಮೂರೇ ಮೊಳ ಬಂಡೆ ಉಳಿದಾಗ, ಆಚೆಯವನು ಈಚೆಯವನನ್ನು ಕೂಗಿ ಕರೆಯುವ ದನಿಯನ್ನು ಕೇಳಿದರಂತೆ. ಗುದ್ದಲಿಗೆ ಗುದ್ದಲಿ ಎದುರಾಯಿತು, ನೀರು ಹರಿಯಿತು. ತಲೆಯ ಮೇಲಿದ್ದ ಬಂಡೆಯ ಎತ್ತರ ಹೇಳಿ ಬರಹ ಮುಗಿಯುತ್ತದೆ. ಅದರಲ್ಲಿ ಅರಸನ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಎಡಪುಟದಲ್ಲಿ 'ಹಿಜ್ಕೀಯ ಮಾಡಿಸಿದ' ಎಂದು ಬರೆದುಕೊಳ್ಳಿ. ಬಲಪುಟದಲ್ಲಿ ಏನು ಬರೆಯುತ್ತೀರಿ?